ತಲೆ ಬುಡ ಅರ್ಥ ಆಗ್ಲಿಲ್ಲ

ಕಳೆದ ಸೆಮಿಸ್ಟರ್‌ನ ಎರಡನೇ ಇಂಟರ್ನಲ್ಸ್‌ಗೆ ಇನ್ನು ಐದು ದಿನ ಇತ್ತು. ನಾನು ಓದಬೇಕಾಗಿದ್ದದ್ದು ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್. ಓದ್ತಾ ಇದ್ದದ್ದು ನಾಲ್ಕು ಪುಟದ ಒಂದು ಕನ್ಸೆಂಟ್ ಫಾರ್ಮ್. ಜಾಗ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯ ಐದನೇ ಮಹಡಿ, ಹೆಸರು ಬೇಡ. ಬೆಡ್‌ನ ಒಂದು ಪಕ್ಕ ಅಮ್ಮ, ಇನ್ನೊಂದು ಪಕ್ಕ ಅತ್ತೆ, ಮಧ್ಯೆ ದಿಂಬಿಗೆ ಒರಗಿ ಕೂತಿದ್ದ ನನ್ನ ಸೋದರಮಾವ. ಮೂರು ಜನಾನೂ ನನ್ನ ಮುಖಾನೇ ನೋಡ್ತಾ ಇದ್ರು. ಯಾಕಂದ್ರೆ ನಮ್ಮ ಕಡೆಯವರಲ್ಲಿ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ಓದಿದವನು ನಾನು.

"ಏನಂತೋ?" ಅಂದ್ರು ಅಮ್ಮ.

"ಬ್ರೇನ್‌ಸ್ಟೆಮ್‌ನಲ್ಲಿ ಟ್ಯೂಮರ್ ಅಂತೆ. ವ್ಯಾಸ್ಕ್ಯುಲರ್ ಅಂತೆ. ಹೀಮ್ಯಾಂಜಿಯೋಬ್ಲಾಸ್ಟೋಮಾ ಇರಬಹುದು ಅಂತೆ."

"ಹಂಗಂದ್ರೆ?"

"ಹಂಗಂದ್ರೆ... ಬ್ರೇನ್ ಇರುತ್ತಲ್ಲ, ಅದರ ಸ್ಟೆಮ್."

ಅಮ್ಮ ಏನೂ ಹೇಳಲಿಲ್ಲ. ಫೋನಿನ ಅನುವಾದದ ಆ್ಯಪ್‌ನಲ್ಲಿ ಹಾಕಿ ನೋಡಿದೆ, 'ಮೆದುಳಿನ ಕಾಂಡ' ಅಂತ ಬಂತು. ಓದಿ ಹೇಳಿದೆ. ಮಾಮ ಆ ಸ್ಥಿತಿಯಲ್ಲೂ ಬಿಡಲಿಲ್ಲ: "ಕಾಂಡ ಅಂದ್ರೆ ಕಬ್ಬಿಗೆ ಇರುತ್ತಲ್ಲ, ಅದಾ?" ಅಂದ್ರು. ಅಷ್ಟು ಹೊತ್ತು ಬಾಯಿ ಬಿಡದ ಅತ್ತೆ, "ನಂಗಂತೂ ಇದರ ತಲೆ ಬುಡ ಅರ್ಥ ಆಗ್ಲಿಲ್ಲ" ಅಂದ್ರು.

ಅತ್ತೆಗೆ ಗೊತ್ತಿಲ್ಲದೇ ಆ ಸಾಯಂಕಾಲದ ಅತ್ಯಂತ ಸರಿಯಾದ ಅನುವಾದ ಅವರ ಬಾಯಲ್ಲೇ ಬಂದಿತ್ತು. ಬ್ರೇನ್‌ಸ್ಟೆಮ್ ಅಂದ್ರೆ ತಲೆಯ ಬುಡ, ಅಷ್ಟೇ. ನನಗೆ ಇದು ಹೊಳೆದದ್ದು ಮೂರು ದಿನ ಆದಮೇಲೆ.

ಈ ಲೇಖನ ಆ ಮೂರು ದಿನದ ಬಗ್ಗೆ. ನಮ್ಮ ಕನ್ನಡ ಸಂಘದಲ್ಲಿ ಪ್ರತಿ ವರ್ಷ ಒಂದು ಚರ್ಚಾಸ್ಪರ್ಧೆ ನಡೆಯುತ್ತೆ, 'ತಂತ್ರಜ್ಞಾನಕ್ಕೆ ಕನ್ನಡ ಸಾಕೇ?' ಅಂತ. ಹೋದ ವರ್ಷ ನಾನೇ 'ಸಾಲದು' ಅನ್ನೋ ಪಕ್ಷದಲ್ಲಿ ಮಾತಾಡಿ ಎರಡನೇ ಬಹುಮಾನ ತಗೊಂಡಿದ್ದೆ. ಅದನ್ನ ವಾಪಸ್ ತಗೋತಿದ್ದೀನಿ. ಬಹುಮಾನ ಅಲ್ಲ, ವಾದಾನ.

ಮೊದಲು ಮಾಮನ ಕಥೆ. ಅವರು ರಾಜಾನುಕುಂಟೆ ದಾಟಿ ದೊಡ್ಡಬಳ್ಳಾಪುರದ ಕಡೆ ಹೋಗುವಾಗ ಸಿಗುವ ಒಂದು ಊರಲ್ಲಿ ದ್ರಾಕ್ಷಿ ಬೆಳೀತಾರೆ, ಬೆಂಗಳೂರು ಬ್ಲೂ. ಓದಿದ್ದು ಏಳನೇ ಕ್ಲಾಸು. ಹೋದ ವರ್ಷ ಅವರಿಗೆ ಬಿಕ್ಕಳಿಕೆ ಶುರುವಾಯ್ತು. ಒಂದು ದಿನ ಎರಡು ದಿನದ್ದಲ್ಲ, ನಾಲ್ಕು ತಿಂಗಳು. ಜೊತೆಗೆ ಬೆಳಗ್ಗೆ ವಾಂತಿ. ಎಲ್ಲರೂ ಗ್ಯಾಸ್ಟ್ರಿಕ್ ಅಂದ್ರು. ಮಾತ್ರೆ ಬದಲಾಯ್ತು, ಎಂಡೋಸ್ಕೋಪಿ ಆಯ್ತು, ಹೊಟ್ಟೆ ಸರಿಯಾಗೇ ಇತ್ತು. ಊರಲ್ಲಿ 'ಯಾರೋ ಬಹಳ ನೆನಪಿಸ್ಕೊತಾವ್ರೆ' ಅನ್ನೋ ತಮಾಷೆ ಹಳೇದಾಗೋಯ್ತು. ಆಮೇಲೆ ನೀರು ಕುಡಿದ್ರೆ ಮೂಗಿಗೆ ಬರೋದು, ನೆತ್ತಿಗೆ ಹತ್ತೋದು. ತೋಟದ ಸಾಲಿನಲ್ಲಿ ನಡೆಯುವಾಗ ಒಂದು ಪಕ್ಕಕ್ಕೆ ವಾಲೋದು. ಕೊನೆಗೆ ಒಬ್ಬರು ಡಾಕ್ಟರ್ ಹೊಟ್ಟೆ ಬಿಟ್ಟು ತಲೆ ನೋಡೋಣ ಅಂದ್ರು. ಎಂಆರ್‌ಐನಲ್ಲಿ ಮೆಡುಲ್ಲಾದ ಹಿಂಭಾಗದಲ್ಲಿ ಬೆಳ್ಳಗೆ ಹೊಳೆಯೋ ಒಂದು ಗುಂಡು, ಸುತ್ತ ಕಪ್ಪು ಹುಳುಗಳ ಥರ ರಕ್ತನಾಳಗಳು.

ಬಿಕ್ಕಳಿಕೆಗೂ ತಲೆಗೂ ಏನು ಸಂಬಂಧ ಅಂತ ನಿಮಗೂ ಅನ್ನಿಸಬಹುದು. ಮೆಡುಲ್ಲಾ ಅನ್ನೋದು ಮಿದುಳಿನ ತೀರಾ ಕೆಳಗಿನ ತುದಿ, ಬೆನ್ನುಹುರಿ ಶುರುವಾಗೋ ಜಾಗ. ಉದ್ದ ಸುಮಾರು 3 ಸೆಂಟಿಮೀಟರ್. ಉಸಿರಾಟ, ಹೃದಯದ ಬಡಿತ, ರಕ್ತದೊತ್ತಡ, ನುಂಗೋದು, ಕೆಮ್ಮೋದು, ವಾಂತಿ, ಇಷ್ಟೂ ಕೆಲಸದ ಕಂಟ್ರೋಲ್ ಅಲ್ಲಿದೆ. ಮೇಲಿನ ಮಿದುಳಿನಿಂದ ಕೈಕಾಲಿಗೆ ಹೋಗೋ ವೈರಿಂಗ್ ಎಲ್ಲ ಅದರ ಮೂಲಕವೇ ಇಳಿಯಬೇಕು. ಅದರ ಹಿಂಭಾಗದಲ್ಲಿ ಏನಾದರೂ ಒತ್ತಿದ್ರೆ ಮೊದಲು ಕಾಣೋದು ನಿಲ್ಲದ ಬಿಕ್ಕಳಿಕೆ, ವಾಂತಿ ಆಗಿರಬಹುದು. ನಾಲ್ಕು ತಿಂಗಳು ನಾವು ಬೈತಾ ಇದ್ದದ್ದು ಹೊಟ್ಟೆಗೆ, ತಪ್ಪಿದ್ದದ್ದು ಬುಡದಲ್ಲಿ.

ಕೆಲವು ವಾರದ ನಂತರ ನಾನು ಒಬ್ಬ ಗೆಳೆಯನ ಜೊತೆ ನಿಮ್ಹಾನ್ಸ್‌ನ ಮಿದುಳು ಮ್ಯೂಸಿಯಂಗೆ ಹೋಗಿದ್ದೆ. ಯಲಹಂಕದಿಂದ ಹೊಸೂರು ರೋಡಿಗೆ ಹೋಗೋದು ಅಂದ್ರೆ ಹೆಬ್ಬಾಳ ಫ್ಲೈಓವರ್ ಮೇಲೆ ಒಂದು ಯುಗ, ಮೇಖ್ರಿ ಸರ್ಕಲ್‌ನಲ್ಲಿ ಇನ್ನೊಂದು ಯುಗ. ಆದ್ರೂ ಹೋಗಿ ಬನ್ನಿ. ಡಾ. ಎಸ್.ಕೆ. ಶಂಕರ್ ಅವರು ದಶಕಗಳ ಕಾಲ ಕೂಡಿಸಿ ಕಟ್ಟಿದ ಸಂಗ್ರಹ ಅದು, ಸಾರ್ವಜನಿಕರಿಗೂ ತೆರೆದಿದೆ. ಅಲ್ಲಿ ನಿಜವಾದ ಮಿದುಳನ್ನ ಕೈಯಲ್ಲಿ ಹಿಡಿದು ನೋಡಬಹುದು. ಬ್ರೇನ್‌ಸ್ಟೆಮ್ ಪೂರ್ತಿ ಸೇರಿದ್ರೂ ಒಂದು ಹೆಬ್ಬೆರಳಿನ ದಪ್ಪ. ನನ್ನ ಕೈ ಸ್ವಲ್ಪ ನಡುಗಿತು ಅಂತ ಒಪ್ಕೊಳ್ಳೋದಕ್ಕೆ ನಾಚಿಕೆ ಏನಿಲ್ಲ.

ಈಗ ಫಾರ್ಮ್‌ಗೆ ಬರೋಣ. ಅದರಲ್ಲಿ ಬರೆದಿದ್ದ ಇಂಗ್ಲಿಷ್ ನನಗೆ ಬರುತ್ತೆ. 'ಎನ್ ಬ್ಲಾಕ್ ರಿಸೆಕ್ಷನ್', 'ಲೋಯರ್ ಕ್ರೇನಿಯಲ್ ನರ್ವ್ ಡೆಫಿಸಿಟ್', 'ಪ್ರೊಲಾಂಗ್ಡ್ ವೆಂಟಿಲೇಟರಿ ಸಪೋರ್ಟ್'. ಒಂದೊಂದು ಪದಾನೂ ಓದಬಲ್ಲೆ, ಸ್ಪೆಲ್ಲಿಂಗ್ ಕೇಳಿದ್ರೆ ಹೇಳಬಲ್ಲೆ. ಕನ್ನಡದಲ್ಲಿ ಹೇಳೋಕೆ ಹೋದಾಗ ನಾಲಿಗೆ ನಿಂತುಹೋಯ್ತು. ಮೊದಲನೇ ದಿನ ನಾನು ಅಂದುಕೊಂಡದ್ದು, ಕನ್ನಡದಲ್ಲಿ ಇದಕ್ಕೆಲ್ಲ ಪದ ಇಲ್ಲ, ನನ್ನ ತಪ್ಪೇನಿಲ್ಲ ಅಂತ. ಎರಡನೇ ದಿನ ಅಂದುಕೊಂಡದ್ದು, ಪದ ಇರಬಹುದು, ನನಗೆ ಕನ್ನಡ ಬರಲ್ಲ ಅಂತ. ಮೂರನೇ ದಿನ ನಿಜ ಗೊತ್ತಾಯ್ತು. ನನಗೆ ಅದು ಇಂಗ್ಲಿಷ್‌ನಲ್ಲೂ ಅರ್ಥ ಆಗಿರಲಿಲ್ಲ. ಇಂಗ್ಲಿಷ್ ಪದಗಳು ಅರ್ಥ ಆದ ಹಾಗೆ ಅನ್ನಿಸೋ ಒಂದು ಭ್ರಮೆ ಕೊಡ್ತವೆ. ನಾವು ಪರೀಕ್ಷೆ ಪಾಸಾಗ್ತಿರೋದೇ ಆ ಭ್ರಮೆಯ ಮೇಲೆ ಅಂತ ನನಗೆ ಈಗ ಬಲವಾಗಿ ಅನ್ನಿಸುತ್ತೆ.

ಆ ಮೂರನೇ ದಿನ ಸರ್ಜನ್ ಹತ್ತು ನಿಮಿಷ ಸಮಯ ಕೊಟ್ರು. ಒಳ್ಳೆಯ ಮನುಷ್ಯ. ಬೇರೆ ರಾಜ್ಯದವರು, ಕನ್ನಡ ಬರೋದು ಅಷ್ಟಕ್ಕಷ್ಟೇ. ಇಂಗ್ಲಿಷ್‌ನಲ್ಲಿ, ಪೆನ್ನಿಂದ ಚಿತ್ರ ಬರೆದು ಹೇಳಿದ್ರು. ಅವರು ಹೇಳಿದ್ದನ್ನ ಆಮೇಲೆ ನಾನು ಓದಿ ತಿಳ್ಕೊಂಡದ್ದರ ಜೊತೆ ಸೇರಿಸಿ ಇಲ್ಲಿ ಬರೀತಿದ್ದೀನಿ.

ಹೀಮ್ಯಾಂಜಿಯೋಬ್ಲಾಸ್ಟೋಮಾ ಕ್ಯಾನ್ಸರ್ ಅಲ್ಲ. ಬೇರೆ ಕಡೆ ಹರಡೋ ಜಾತಿಯದ್ದಲ್ಲ, ನಿಧಾನವಾಗಿ ಬೆಳೆಯೋ ಗೆಡ್ಡೆ. ಮಿದುಳಿನ ಗೆಡ್ಡೆಗಳಲ್ಲಿ ನೂರಕ್ಕೆ ಸುಮಾರು ಎರಡು ಮಾತ್ರ ಈ ಥರದ್ದು. ಅದರಲ್ಲೂ ಹೆಚ್ಚಿನವು ಹಿಂದಿನ ಚಿಕ್ಕ ಮಿದುಳಿನಲ್ಲಿ ಬರ್ತವೆ, ಬುಡದಲ್ಲಿ ಬರೋದು ಇನ್ನೂ ಅಪರೂಪ. ಹಾಗಾದ್ರೆ ಭಯ ಯಾಕೆ? ಯಾಕಂದ್ರೆ ಗೆಡ್ಡೆ ಪೂರ್ತಿ ರಕ್ತನಾಳಗಳ ಉಂಡೆ. ಮಾಮೂಲಿ ಗೆಡ್ಡೆಯನ್ನ ಸರ್ಜನ್‌ಗಳು ಒಳಗಿಂದ ಕೊರೆದು, ಪೊಳ್ಳು ಮಾಡಿ, ಆಮೇಲೆ ಸಿಪ್ಪೆಯನ್ನ ಬಿಡಿಸ್ತಾರಂತೆ. ಇದರಲ್ಲಿ ಒಳಗೆ ಕೈ ಹಾಕೋ ಹಾಗೇ ಇಲ್ಲ. ಸೂಜಿ ಚುಚ್ಚಿ ಚೂರು ತೆಗೆದು ಪರೀಕ್ಷೆ ಮಾಡೋದೂ ಅಪಾಯ. ಗೆಡ್ಡೆಗೂ ಮಿದುಳಿಗೂ ಮಧ್ಯೆ ಇರೋ ತೆಳು ಗಡಿಯನ್ನ ಹಿಡ್ಕೊಂಡು, ಸುತ್ತ ಸುತ್ತ ಬಿಡಿಸ್ತಾ, ಇಡೀ ಗೆಡ್ಡೆಯನ್ನ ಒಂದೇ ಉಂಡೆಯಾಗಿ ಹೊರಗೆ ತರಬೇಕು. 'ಎನ್ ಬ್ಲಾಕ್' ಅಂದ್ರೆ ಇಷ್ಟೇ. ಗೆಡ್ಡೆಗೆ ರಕ್ತ ತರೋ ನಾಳಗಳನ್ನ ಒಂದೊಂದಾಗಿ ಮೊದಲು ಮುಚ್ಚಬೇಕು. ರಕ್ತ ಹೊರಗೆ ಒಯ್ಯೋ ದೊಡ್ಡ ನಾಳವನ್ನ ಮುಟ್ಟೋದು ಕಟ್ಟಕಡೆಗೆ.

ಇದನ್ನ ಮಾಮನಿಗೆ ಹೇಳಬೇಕಿತ್ತು. "ಮಾಮ, ಬ್ಲಡ್ ಒಳಗೆ ಬರೋ ಪೈಪ್ ಇರ್ತವೆ, ಹೊರಗೆ ಹೋಗೋ ಪೈಪ್ ಇರುತ್ತೆ. ಒಳಗೆ ಬರೋದನ್ನ ಫಸ್ಟ್ ಕ್ಲೋಸ್ ಮಾಡ್ತಾರೆ" ಅಂತ ತಡವರಿಸ್ತಾ ಇದ್ದೆ. ಮಾಮ ಕೈ ಎತ್ತಿ ನಿಲ್ಲಿಸಿದ್ರು.

"ಅಂದ್ರೆ, ಕಾಲುವೆ ಮುಚ್ಚೋಕೆ ಮುಂಚೆ ಕೋಡಿ ಮುಚ್ಚಬಾರದು ಅಂತಾ? ಕೋಡಿ ಮೊದಲು ಕಟ್ಟಿದ್ರೆ ಏರಿ ಒಡೆಯುತ್ತೆ. ಅದು ಗೊತ್ತಿರೋ ವಿಷಯ ಅಲ್ವೇನೋ?"

ನಮ್ಮಲ್ಲಿ ಕೆಲವರಿಗೆ ಈ ಪದಗಳು ಗೊತ್ತಿರಲಿಕ್ಕಿಲ್ಲ, ನನಗೂ ಗೊತ್ತಿರಲಿಲ್ಲ. ಕೆರೆಗೆ ನೀರು ತರೋದು ಕಾಲುವೆ. ನೀರನ್ನ ತಡೆದು ನಿಲ್ಲಿಸೋ ಮಣ್ಣಿನ ದಿಬ್ಬ ಏರಿ. ಹೊಲಕ್ಕೆ ಬೇಕಾದಷ್ಟು ನೀರು ಬಿಡೋ ಬಾಗಿಲು ತೂಬು. ತುಂಬಿ ಹೆಚ್ಚಾದ ನೀರು ಹರಿದುಹೋಗೋ ಜಾಗ ಕೋಡಿ. ಯಲಹಂಕ ಕೆರೆ, ಹೆಬ್ಬಾಳ ಕೆರೆ ಪಕ್ಕದಲ್ಲೇ ದಿನಾ ಓಡಾಡ್ತೀವಿ, ಇದರಲ್ಲಿ ಒಂದು ಪದಾನೂ ನಮ್ಮ ಬಾಯಲ್ಲಿ ಬರಲ್ಲ. ಆ ಮನುಷ್ಯ ಮಾತ್ರ ನಾನು ಮೂರು ದಿನದಿಂದ ಒದ್ದಾಡ್ತಿದ್ದ ಆಪರೇಷನ್‌ನ ಮೂಲ ತತ್ವವನ್ನ ಎರಡು ವಾಕ್ಯದಲ್ಲಿ ಹೇಳಿ ಮುಗಿಸಿದ್ರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತು ಯೋಚನೆ ಮಾಡಿ ಒಂದು ಪ್ರಶ್ನೆ ಕೇಳಿದ್ರು.

"ಡಾಕ್ಟರನ್ನ ಕೇಳು. ಆ ಕಾಲುವೆಗಳು ಗೆಡ್ಡೆಗೆ ಮಾತ್ರ ನೀರು ಕೊಡ್ತಾವಾ, ಇಲ್ಲಾ ದಾರೀಲಿ ನಮ್ಮ ಹೊಲಕ್ಕೂ ಕೊಡ್ತಾವಾ? ಹಂಗೇನಾದ್ರೂ ಇದ್ರೆ ಅದನ್ನ ಮುಚ್ಚಿದ್ರೆ ಹೊಲ ಒಣಗುತ್ತಲ್ಲ?"

ನಾನು ಹೋಗಿ ಇಂಗ್ಲಿಷ್‌ನಲ್ಲಿ ಕೇಳಿದೆ. ಸರ್ಜನ್ ಒಂದು ನಿಮಿಷ ಸುಮ್ಮನಾದ್ರು. ಇದನ್ನ ಯಾರು ಕೇಳಿದ್ದು ಅಂದ್ರು. ಇಡೀ ಆಪರೇಷನ್‌ನ ಅತೀ ಕಷ್ಟದ ಭಾಗ ಅದೇ ಅಂತೆ. ಗೆಡ್ಡೆಯ ಪಕ್ಕದಲ್ಲೇ ಹಾದುಹೋಗಿ ಒಳ್ಳೆಯ ಬ್ರೇನ್‌ಸ್ಟೆಮ್‌ಗೆ ರಕ್ತ ಕೊಡೋ ನಾಳಗಳೂ ಇರ್ತವೆ, ಅವನ್ನ ಗೆಡ್ಡೆಯದ್ದು ಅಂದ್ಕೊಂಡು ಸುಟ್ಟುಬಿಟ್ರೆ ಅಲ್ಲೇ ಸ್ಟ್ರೋಕ್. ಅದಕ್ಕೇ ಆಂಜಿಯೋಗ್ರಾಂ ಮಾಡೋದು, ಅದಕ್ಕೇ ಮೈಕ್ರೋಸ್ಕೋಪ್ ಕೆಳಗೆ ಒಂದೊಂದು ನಾಳವನ್ನೂ ಗೆಡ್ಡೆಯವರೆಗೆ ಹಿಂಬಾಲಿಸಿ ಆಮೇಲೆ ಮುಚ್ಚೋದು. ನಾಳದೊಳಗೆ ಮೊದಲೇ ಅಂಟು ತುಂಬಿ ಮುಚ್ಚೋ ಎಂಬೊಲೈಸೇಷನ್ ಅನ್ನೋ ವಿಧಾನ ಇದೆ, ಬುಡದಲ್ಲಿ ಅದಕ್ಕೆ ಅನುಮಾನ ಪಡೋದೂ ಇದೇ ಕಾರಣಕ್ಕೆ. ಆ ಸಾಯಂಕಾಲ ಅವರು ತಾವಾಗೇ ಮಾಮನ ಬೆಡ್ ಹತ್ರ ಬಂದು, ನನ್ನನ್ನ ಮಧ್ಯೆ ನಿಲ್ಲಿಸ್ಕೊಂಡು, ಅರ್ಧ ಗಂಟೆ ಮಾತಾಡಿದ್ರು. ರೇಡಿಯೇಷನ್ ಯಾಕೆ ಬೇಡ ಅಂದ್ರೆ ಅದರ ಪರಿಣಾಮ ನಿಧಾನ, ಗೆಡ್ಡೆ ಆಗಲೇ ಒತ್ತುತಿದೆ, ಶುರುವಲ್ಲಿ ಊತ ಹೆಚ್ಚಾದ್ರೆ ತೊಂದರೆ. ಸುಮ್ಮನೆ ಬಿಟ್ರೆ ಏನಾಗಬಹುದು. ಆಪರೇಷನ್ ಸರಿಯಾಗಿ ಆದ್ರೂ ನುಂಗೋದು ಕೆಲವು ವಾರ, ಕೆಲವರಿಗೆ ಕಾಯಂ, ಹೋಗಬಹುದು ಅನ್ನೋದು. ಮಾಮ ಎಲ್ಲ ಕೇಳಿ ಸಹಿ ಮಾಡಿದ್ರು. ಮೊದಲ ದಿನ ಸಹಿ ಹಾಕಿದ್ರೆ ಅದು ಬರೀ ಸಹಿ ಆಗ್ತಿತ್ತು.

ಇಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ. ಅರ್ಥ ಆಗೋ ಭಾಷೆಯಲ್ಲಿ ಹೇಳೋದು ಆಪರೇಷನ್ ಮುಗಿದ ಮೇಲೆ ಮಾಡೋ ಉಪಕಾರ ಅಲ್ಲ, ಅದು ಆಪರೇಷನ್‌ನ ಮೊದಲ ಹೆಜ್ಜೆ. ಇದು ಬರೀ ಭಾವನೆಯ ಮಾತೂ ಅಲ್ಲ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಚಿಕಿತ್ಸೆ ಏನು, ಬೇರೆ ದಾರಿ ಏನಿದೆ, ಅಪಾಯ ಏನು ಅಂತ ಸಾಕಷ್ಟು ಮಾಹಿತಿ ಕೊಟ್ಟು ಪಡೆದ ಒಪ್ಪಿಗೆಯೇ ಒಪ್ಪಿಗೆ ಅಂದಿದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲೂ ರೋಗಿಗೆ ತಿಳಿಯೋ ಭಾಷೆಯಲ್ಲಿ ಹೇಳಬೇಕು ಅಂತ ಇದೆ. ಕಾಗದದಲ್ಲಿ ಎಲ್ಲ ಇದೆ. ಐದನೇ ಮಹಡಿಯಲ್ಲಿ ಇದ್ದದ್ದು ನಾನು, ಹತ್ತೊಂಬತ್ತು ವರ್ಷದ, ಅರೆಬರೆ ಕನ್ನಡದ ದುಭಾಷಿ.

ನೀವು ಕೇಳಬಹುದು, ಇದು ಡಾಕ್ಟರ್‌ಗಳ ಸಮಸ್ಯೆ, ಇಂಜಿನಿಯರಿಂಗ್ ಕಾಲೇಜಿನ ಪತ್ರಿಕೆಯಲ್ಲಿ ಯಾಕೆ ಅಂತ. ಆಪರೇಷನ್ ದಿನ ಏನೇನು ಇತ್ತು ಅಂತ ಹೇಳ್ತೀನಿ, ಆಮೇಲೆ ನೀವೇ ಹೇಳಿ.

ಮಾಮನನ್ನ ಬೋರಲು ಮಲಗಿಸಿ, ಕುತ್ತಿಗೆಯ ಹಿಂದೆ ನಡುಮಧ್ಯೆ ಕೊಯ್ದು, ತಲೆಬುರುಡೆಯ ಕೆಳಭಾಗದ ಒಂದು ತುಂಡು ಮೂಳೆ ತೆಗೆದರು. ಪೂರ್ತಿ ಏಳೂವರೆ ಗಂಟೆ. ಆ ಹೊತ್ತಿನಲ್ಲಿ ಮಾಮನ ಕೈಕಾಲು, ಗಂಟಲು ಕೆಲಸ ಮಾಡ್ತಿವೆಯಾ ಅಂತ ಕೇಳೋಕೆ ಅವರು ಎಚ್ಚರ ಇಲ್ಲ. ಅದಕ್ಕೆ ನ್ಯೂರೋಮಾನಿಟರಿಂಗ್ ಅಂತ ಇದೆ. ಕೈಯ ನರಕ್ಕೆ ಸಣ್ಣ ಕರೆಂಟ್ ಕೊಟ್ಟು ತಲೆಯ ಮೇಲೆ ಅದರ ಉತ್ತರ ಹಿಡೀತಾರೆ, ತಲೆಗೆ ಕೊಟ್ಟು ಸ್ನಾಯುವಿನಲ್ಲಿ ಹಿಡೀತಾರೆ. ತಲೆಯ ಮೇಲೆ ಸಿಗೋ ಸಿಗ್ನಲ್ ಬರೀ ಮೈಕ್ರೋವೋಲ್ಟ್‌ಗಳಲ್ಲಿ. ಸುತ್ತ 50 ಹರ್ಟ್ಜ್ ಗದ್ದಲ, ಮಿದುಳಿನದ್ದೇ ಗದ್ದಲ. ಹಾಗಾಗಿ ನೂರಾರು ಸಲ ಅದೇ ಪ್ರಚೋದನೆ ಕೊಟ್ಟು ಸರಾಸರಿ ತಗೀತಾರೆ. ಸಿಗ್ನಲ್ ಪ್ರತಿ ಸಲ ಒಂದೇ ಥರ, ಗದ್ದಲ ಪ್ರತಿ ಸಲ ಬೇರೆ ಥರ, ಹಾಗಾಗಿ ಎನ್ ಸಲ ಕೂಡಿಸಿದ್ರೆ ಗದ್ದಲ ವರ್ಗಮೂಲ ಎನ್ ಪಟ್ಟು ಇಳಿಯುತ್ತೆ. ನಮ್ಮ ಐದು ಮಾರ್ಕಿನ ಪ್ರಶ್ನೆ ಇದು! ನಾನು ಅದನ್ನ ಬಾಯಿಪಾಠ ಮಾಡಿ ಬರೆದಿದ್ದೆ. ಹೆಬ್ಬಾಳದ ಬಸ್‌ಸ್ಟಾಪ್‌ನಲ್ಲಿ ಫೋನಲ್ಲಿ ಹೆಸರು ಕೇಳಿಸದಿದ್ದಾಗ "ಇನ್ನೊಂದ್ಸಲ ಹೇಳು, ಇನ್ನೊಂದ್ಸಲ ಹೇಳು" ಅಂತೀವಲ್ಲ, ಅದೇ ಅಂತ ಅಮ್ಮನಿಗೆ ಹೇಳೋಕೆ ಹೋದಾಗ ಮೊದಲ ಸಲ ಅರ್ಥ ಆಯ್ತು.

ಇನ್ನೊಂದು ಸಮಸ್ಯೆ. ಈ ಗೆಡ್ಡೆಯಲ್ಲಿ ರಕ್ತ ನೇರವಾಗಿ ನುಗ್ಗಿ ಬರೋದ್ರಿಂದ ಹೊರಗೆ ಒಯ್ಯೋ ನಾಳವೂ ಕೆಂಪಗೇ ಇರುತ್ತೆ. ಕಾಲುವೆ ಯಾವುದು, ಕೋಡಿ ಯಾವುದು ಅಂತ ಬಣ್ಣದಿಂದ ಗೊತ್ತಾಗಲ್ಲ. ಅದಕ್ಕೆ ಇಂಡೋಸಯನೈನ್ ಗ್ರೀನ್ ಅನ್ನೋ ಬಣ್ಣವನ್ನ ರಕ್ತಕ್ಕೆ ಬಿಟ್ಟು, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಲ್ಲಿ ಮೈಕ್ರೋಸ್ಕೋಪ್‌ನ ಕ್ಯಾಮೆರಾದಿಂದ ನೋಡ್ತಾರೆ. ಮೊದಲು ಹೊಳೆಯೋದು ತರೋ ನಾಳ, ಆಮೇಲೆ ಗೆಡ್ಡೆ, ಕೊನೆಗೆ ಒಯ್ಯೋ ನಾಳ. ಬಣ್ಣದಲ್ಲಿ ಸಿಗದ ಉತ್ತರ ಟೈಮ್‌ನಲ್ಲಿ ಸಿಗುತ್ತೆ. ಎಷ್ಟು ಚಂದದ ಐಡಿಯಾ ಅಲ್ವಾ? ನಾಳ ಮುಚ್ಚೋಕೆ ಬಳಸೋದು ಬೈಪೋಲಾರ್ ಚಿಮಟ, ಕರೆಂಟ್ ಅದರ ಎರಡು ತುದಿಗಳ ನಡುವೆ ಮಾತ್ರ ಹರಿಯುತ್ತೆ, ಪಕ್ಕದ ಮಿದುಳಿಗೆ ಹರಡೋದು ಬಹಳ ಕಡಿಮೆ. ರಕ್ತ ನಿಲ್ಲಿಸೋಕೆ ವಿದ್ಯುತ್ ಬಳಸೋ ಈ ಪರಂಪರೆಗೆ ದಾರಿ ಮಾಡಿದ್ದು 1926ರಲ್ಲಿ ಹಾರ್ವೆ ಕುಶಿಂಗ್ ಅನ್ನೋ ಅಮೆರಿಕದ ನ್ಯೂರೋಸರ್ಜನ್ ಮತ್ತು ವಿಲಿಯಂ ಬೋವಿ. ರಕ್ತಸ್ರಾವಕ್ಕೆ ಹೆದರಿ ಅರ್ಧಕ್ಕೆ ನಿಲ್ಲಿಸಿದ್ದ ಒಂದು ಗೆಡ್ಡೆಯ ಆಪರೇಷನ್ನನ್ನ ಕುಶಿಂಗ್ ಕೆಲವೇ ದಿನದಲ್ಲಿ ಬೋವಿಯ ಯಂತ್ರ ಇಟ್ಕೊಂಡು ಮುಗಿಸಿದರು. ಬೋವಿ ಸರ್ಜನ್ ಅಲ್ಲ, ಬಯೋಫಿಸಿಕ್ಸ್‌ನವರು, ನಮ್ಮ ಕಡೆಯವರು ಅಂದ್ಕೊಳ್ಳಿ. ಹೀಮ್ಯಾಂಜಿಯೋಬ್ಲಾಸ್ಟೋಮಾ ಅನ್ನೋ ನಾಲಿಗೆ ಹೊರಳದ ಹೆಸರನ್ನ 1928ರಲ್ಲಿ ಕೊಟ್ಟದ್ದೂ ಅದೇ ಕುಶಿಂಗ್, ಪರ್ಸಿವಲ್ ಬೇಲಿ ಜೊತೆ ಸೇರಿ.

ಹಾಗಾಗಿ ಆ ಕೋಣೆಯಲ್ಲಿ ಅರ್ಧಕ್ಕರ್ಧ ಇಂಜಿನಿಯರಿಂಗೇ ಇತ್ತು. ಹ್ಯಾಕಥಾನ್‌ಗಳಲ್ಲಿ 'ಹೆಲ್ತ್‌ಕೇರ್ ಟ್ರ್ಯಾಕ್' ಅಂತ ಹಾಕಿ ಆ್ಯಪ್ ಮಾಡೋರು ನಾವು. ಎಷ್ಟು ಆ್ಯಪ್‌ನಲ್ಲಿ ಮಾಮ ಓದಬಹುದಾದ ಒಂದು ಪುಟ ಇರುತ್ತೆ? ಪಿಪಿಟಿಯ ಕೊನೆಯಲ್ಲಿ 'ಫ್ಯೂಚರ್ ಸ್ಕೋಪ್: ರೀಜನಲ್ ಲ್ಯಾಂಗ್ವೇಜ್ ಸಪೋರ್ಟ್' ಅಂತ ಒಂದು ಸಾಲು ಇರುತ್ತೆ. ನಾನೂ ಹಾಕಿದ್ದೀನಿ, ಸುಳ್ಳು ಯಾಕೆ.

ಇದಕ್ಕೆ ಎದುರು ವಾದ ಮಾಡೋರು ಎರಡು ಥರ. ಒಬ್ಬರು, ಇಂಗ್ಲಿಷೇ ಸಾಕು, ಕಾಲ ಹಾಗಿದೆ ಅನ್ನೋರು. ಅವರಿಗೆ ಮಾಮನ ಪ್ರಶ್ನೆಯೇ ಉತ್ತರ. ಇಂಗ್ಲಿಷ್ ಬರೋ ನನ್ನ ತಲೆಗೆ ಆ ಪ್ರಶ್ನೆ ಹೊಳೀಲಿಲ್ಲ. ಇನ್ನೊಬ್ಬರು ನಮ್ಮ ಸಂಘದಲ್ಲೇ ಇದ್ದಾರೆ, ಪ್ರತಿ ಪದಕ್ಕೂ ಒಂದು ಸಂಸ್ಕೃತದ ಪದ ಹುಟ್ಟಿಸಬೇಕು ಅನ್ನೋರು. ನನ್ನ ಹತ್ತಿರ ಒಬ್ಬ ಸೀನಿಯರ್ ಹೀಮ್ಯಾಂಜಿಯೋಬ್ಲಾಸ್ಟೋಮಾಗೆ ನಾಲ್ಕು ಪದ ಸಮಾಸ ಮಾಡಿ ಒಂದು ಹೆಸರು ಹೇಳಿದ್ರು. ಕ್ಷಮಿಸಿ ಅಣ್ಣ, ಮಾಮನಿಗೆ ಅದಕ್ಕಿಂತ ಇಂಗ್ಲಿಷೇ ಸುಲಭ. ಕಾಯಿಲೆಯ ಹೆಸರು ಹಾಗೇ ಇರಲಿ, ಎಂಆರ್‌ಐ ಎಂಆರ್‌ಐ ಆಗೇ ಇರಲಿ. ಅದು ಏನು ಮಾಡುತ್ತೆ ಅನ್ನೋದು ಕನ್ನಡದಲ್ಲಿ ಬರಬೇಕು. ಇದೇನು ಹೊಸದಲ್ಲ. ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮಾನಸಿಕ ಆರೋಗ್ಯದ ಮೇಲೆ ನೂರಾರು ಕನ್ನಡ ಪುಸ್ತಕ ಬರೆದಿದ್ದಾರೆ. 'ಥಟ್ ಅಂತ ಹೇಳಿ' ನಡೆಸೋ ಡಾ. ನಾ. ಸೋಮೇಶ್ವರ ವೈದ್ಯರೇ. ಅವರೆಲ್ಲ ಮಾಡಿದ್ದನ್ನ ನಾವು ಮುಂದುವರಿಸಲಿಲ್ಲ ಅಷ್ಟೇ. ಹಾಗೇ, ಬೆಂಗಳೂರಿನ ಆಸ್ಪತ್ರೆಗಳ ಕಾರಿಡಾರ್‌ನಲ್ಲಿ ಆಂಧ್ರದವರು, ಬಂಗಾಳದವರು ಬಹಳ ಜನ ಕೂತಿರ್ತಾರೆ. ಅವರಿಗೆ ತೆಲುಗಲ್ಲಿ, ಬಂಗಾಳಿಯಲ್ಲಿ ಸಿಗಲಿ ಅಂತಾನೂ ನನ್ನ ಆಸೆ. ಇದು ಬಾವುಟದ ವಿಷಯ ಅಲ್ಲ.

ಮಾಮ ಹೇಗಿದ್ದಾರೆ ಅಂತ ಹೇಳಲಿಲ್ಲ ಅಲ್ವಾ. ಗೆಡ್ಡೆ ಪೂರ್ತಿ ಬಂತು. ಮಧ್ಯೆ ಎರಡು ಸಲ ಹೃದಯದ ಬಡಿತ ಇಳಿದು, ಅನಸ್ತೇಷಿಯಾದವರು ನಿಲ್ಲಿಸಿ ಅಂದಾಗ ಸರ್ಜನ್ ಕೈ ತೆಗೆದು ಕಾದರಂತೆ. ಆಮೇಲೆ ಎರಡು ದಿನ ವೆಂಟಿಲೇಟರ್, ಗಂಟಲಲ್ಲಿ ತೂತು ಮಾಡಿ ಕೊಳವೆ, ಮೂಗಿನಲ್ಲಿ ಊಟದ ಪೈಪ್ ಮೂರು ವಾರ. ಬಿಕ್ಕಳಿಕೆ ನಿಂತುಹೋಗಿದೆ. ಧ್ವನಿ ಇನ್ನೂ ಒಡಕು. ಮುದ್ದೆಯನ್ನ ಅಗಿಯದೇ ನುಂಗಿ ಬೆಳೆದ ಮನುಷ್ಯ, ಥೆರಪಿಸ್ಟ್ ಹೇಳಿಕೊಟ್ಟ ಹಾಗೆ ಗಲ್ಲ ಎದೆಗೆ ಒತ್ತಿ, ಗಟ್ಟಿ ಅಂಬಲಿಯನ್ನ ಚಮಚದಲ್ಲಿ ನುಂಗೋದನ್ನ ಮೊದಲಿಂದ ಕಲೀಬೇಕಾಯ್ತು. ಮುದ್ದೆಗೆ ಇನ್ನೂ ಅನುಮತಿ ಸಿಕ್ಕಿಲ್ಲ, ಅದೊಂದಕ್ಕೇ ಅವರಿಗೆ ಡಾಕ್ಟರ್ ಮೇಲೆ ಸಿಟ್ಟು.

ಇನ್ನೊಂದು ವಿಷಯ ಬರೀಬೇಕಾ ಬೇಡ್ವಾ ಅಂತ ಯೋಚಿಸಿದೆ. ಮಾಮನೇ ಬರಿ ಅಂದ್ರು. ಈ ಗೆಡ್ಡೆ ಬಂದವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಅದರ ಹಿಂದೆ ವಾನ್ ಹಿಪ್ಪೆಲ್-ಲಿಂಡಾವ್ ಅನ್ನೋ ಆನುವಂಶಿಕ ಕಾಯಿಲೆ ಇರುತ್ತೆ. ಒಂದು ಜೀನ್ ಕೆಟ್ಟಿರುತ್ತೆ. ಅದರ ಕೆಲಸ, ಆಮ್ಲಜನಕ ಸಾಕಷ್ಟಿದೆ ಅಂತ ಜೀವಕೋಶಕ್ಕೆ ಗೊತ್ತುಮಾಡೋ ವ್ಯವಸ್ಥೆಯಲ್ಲಿ ಸ್ವಿಚ್ ಆಫ್ ಮಾಡೋದು. ಅದು ಕೆಟ್ಟರೆ ಓವರ್‌ಹೆಡ್ ಟ್ಯಾಂಕ್ ತುಂಬಿದ್ರೂ ಸೆನ್ಸರ್ ಖಾಲಿ ಅಂತಲೇ ಹೇಳ್ತಿರುತ್ತೆ, ಮೋಟರ್ ಓಡ್ತಾನೇ ಇರುತ್ತೆ. ಕೋಶ ಉಸಿರು ಕಟ್ಟುತ್ತಿದೆ ಅಂದ್ಕೊಂಡು ಹೊಸ ಹೊಸ ರಕ್ತನಾಳ ಕರೀತಾ ಇರುತ್ತೆ. ಆಮ್ಲಜನಕ ಅಳೆಯೋ ಈ ಒಟ್ಟು ವ್ಯವಸ್ಥೆಯನ್ನ ಕಂಡುಹಿಡಿದದ್ದಕ್ಕೇ 2019ರ ವೈದ್ಯಕೀಯ ನೊಬೆಲ್ ಬಂದದ್ದು, ಕೇಲಿನ್, ರಾಟ್‌ಕ್ಲಿಫ್, ಸೆಮೆಂಜಾ ಮೂವರಿಗೆ. ಅದೇ ದಾರಿಯಲ್ಲಿ ಬಂದ ಬೆಲ್ಜುಟಿಫಾನ್ ಅನ್ನೋ ಮಾತ್ರೆಗೆ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಆದ್ರೆ ನಮ್ಮ ಮನೆಯಲ್ಲಿ ಚರ್ಚೆ ಆದದ್ದು ನೊಬೆಲ್ ಬಗ್ಗೆ ಅಲ್ಲ. ಆ ಜೀನ್ ಕೆಟ್ಟಿದ್ರೆ ಪ್ರತಿ ಮಗುವಿಗೂ ಬರೋ ಸಾಧ್ಯತೆ ನಾಣ್ಯ ಚಿಮ್ಮಿದ ಹಾಗೆ, ಅರ್ಧಕ್ಕರ್ಧ. ಮಾಮನಿಗೆ ಒಬ್ಬಳು ಮಗಳಿದ್ದಾಳೆ. ಅಮ್ಮ ಅವರ ತಂಗಿ. ನಾನು ಅಮ್ಮನ ಮಗ.

ಟೆಸ್ಟ್ ಬೇಡ ಅಂದ್ರು ಅತ್ತೆ, ಮಗಳ ಮದುವೆಗೆ ತೊಂದರೆ ಆಗುತ್ತೆ ಅಂತ. ಯಾವುದೋ ಹಳೇ ಶಾಪ ಅಂದ್ರು ಊರಿನ ಒಬ್ಬರು. ಇಂಗ್ಲಿಷ್ ಕರಪತ್ರ ಒಂದು ಕೊಟ್ಟಿದ್ರು, ಅದು ಮೇಜಿನ ಮೇಲೆ ಹಾಗೇ ಇತ್ತು. ಈ ಸಲ ನಾನು ಅದನ್ನ ಮೊದಲು ನನಗೇ ಅರ್ಥ ಮಾಡ್ಕೊಂಡೆ, ಆಮೇಲೆ ಟ್ಯಾಂಕು, ಮೋಟರು, ನಾಣ್ಯ ಅಂತ ಹೇಳಿದೆ. ಗೊತ್ತಾದ್ರೆ ವರ್ಷಕ್ಕೊಂದು ಸಲ ಕಣ್ಣು ನೋಡಿಸಿ, ಸ್ಕ್ಯಾನ್ ಮಾಡಿಸ್ತಾ ಇದ್ರೆ ಗೆಡ್ಡೆ ಚಿಕ್ಕದಿರುವಾಗಲೇ ಸಿಗುತ್ತೆ ಅಂತ ಹೇಳಿದೆ. ಅತ್ತೆ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಟೆಸ್ಟ್ ಮಾಡ್ಸಿ ಅಂದ್ರು. ಮಾಮನ ಕಣ್ಣು, ಹೊಟ್ಟೆಯ ಸ್ಕ್ಯಾನ್ ಸರಿ ಇದ್ದವು. ರಕ್ತದ ವರದಿಯಲ್ಲೂ ದೋಷ ಕಾಣಲಿಲ್ಲ. ವರದಿ ಬಂದ ದಿನ ಅಮ್ಮ ಹೋಳಿಗೆ ಮಾಡಿದ್ರು, ಕಾರಣ ಹೇಳಲಿಲ್ಲ.

ಸಂಘಕ್ಕೆ ನನ್ನ ಕೋರಿಕೆ ಇಷ್ಟೇ. ಈ ವರ್ಷ ರಾಜ್ಯೋತ್ಸವದ ಚರ್ಚಾಸ್ಪರ್ಧೆ ಒಂದು ಸಲ ಬಿಡೋಣ. ಅದರ ಬದಲು ಹತ್ತು ಜನ ಸೇರಿ, ಹತ್ತು ಕಾಯಿಲೆಗೆ, ಒಂದೊಂದು ಹಾಳೆ ಬರೆಯೋಣ. ಈ ಆಪರೇಷನ್ ಅಂದ್ರೆ ಏನು, ಬೇರೆ ದಾರಿ ಏನಿದೆ, ಡಾಕ್ಟರ್‌ಗೆ ಏನು ಕೇಳಬೇಕು ಅಂತ. ಆ ವಿಭಾಗದ ಡಾಕ್ಟರ್ ಒಬ್ಬರು ನೋಡಿ ಸರಿ ಅನ್ನದೇ ಒಂದು ಹಾಳೆಯೂ ಹೊರಗೆ ಹೋಗಬಾರದು. ನಮ್ಮ ಕೆಲಸ ಚಿಕಿತ್ಸೆ ಹೇಳೋದಲ್ಲ, ಪ್ರಶ್ನೆ ಕೇಳೋ ಹಾಗೆ ಮಾಡೋದು. ಇಂಗ್ಲಿಷ್ ಮೀಡಿಯಂನವರು ಧಾರಾಳವಾಗಿ ಬನ್ನಿ, ನಮಗೇ ಇದರಿಂದ ಹೆಚ್ಚು ಲಾಭ.

ಮೊದಲನೇ ಹಾಳೆ ನಾನು ಬರೆದಿದ್ದೀನಿ. ಸರ್ಜನ್‌ಗೆ ಕಳಿಸೋ ಮೊದಲು ಮಾಮನಿಗೆ ತೋರಿಸಿದೆ. ಎರಡು ಕಡೆ ಕೆಂಪು ಪೆನ್ನಲ್ಲಿ ಗುರುತು ಹಾಕಿ ವಾಪಸ್ ಕೊಟ್ರು. ಒಂದು, ಒತ್ತಕ್ಷರ ತಪ್ಪು. ಇನ್ನೊಂದು, ನಾನು 'ತೂಬು' ಅಂತ ಬರೆದಿದ್ದ ಕಡೆ 'ಕೋಡಿ' ಅಂತ ಇರಬೇಕಿತ್ತಂತೆ.